ಶ್ರೀರಂಗಪಟ್ಟಣದ ದ್ವೀಪದಲ್ಲಿ ನಮ್ಮ ಕೇರಿ ಹುಡುಕಿದೆ

ಪೋಸ್ಟ್ ಸ್ವಲ್ಪ ಉದ್ದ ಆಗಿದೆ. ಪುರುಸೊತ್ತು ಇದ್ದಾಗ ಓದಿ, ಆದ್ರೆ ಪೂರ್ತಿ ಓದಿ. ಕೊನೆಯಲ್ಲಿ ನಿಮ್ಮ ಹತ್ರ ಒಂದು ಕೆಲಸ ಕೇಳೋದಿದೆ.

ಮೊನ್ನೆ ಮೈಸೂರಿನಲ್ಲಿ ಒಂದು ಸಭೆ ಇತ್ತು. ಸಭೆ ಮುಗಿದ ಮಾರನೇ ದಿನ ರಜೆ ಉಳಿದಿತ್ತು, ಬಸ್ ಹತ್ತಿ ಶ್ರೀರಂಗಪಟ್ಟಣಕ್ಕೆ ಹೋದೆ. ಶಾಲೆಯಲ್ಲಿದ್ದಾಗ ಪ್ರವಾಸಕ್ಕೆ ಕರ್ಕೊಂಡು ಹೋಗಿದ್ರು, ಆದ್ರೆ ದುಡ್ಡು ಕೊಡೋಕೆ ಆಗದೆ ನಾನು ಮನೆಯಲ್ಲೇ ಉಳಿದಿದ್ದೆ. ಹಾಗಾಗಿ ನಲವತ್ತು ದಾಟಿದ ಮೇಲೆ ಇದೇ ಮೊದಲು. ಫೇಸ್‌ಬುಕ್ಕಿಗೆ ಫೋಟೋ ಹಾಕಿದ್ದಕ್ಕೆ ಒಬ್ಬ ಗೆಳೆಯ ಕೇಳಿದ, "ಹೊಸನಗರದವನಿಗೆ ಅಲ್ಲಿ ಎಂತ ಕೆಲಸ ಮಾರಾಯ?" ಅಂತ. ಅವನಿಗೆ ಉತ್ತರ ಬರೆಯಲು ಕೂತೆ, ಅದು ಇಷ್ಟುದ್ದ ಆಯ್ತು.

ಶ್ರೀರಂಗಪಟ್ಟಣ ಒಂದು ದ್ವೀಪ. ಕಾವೇರಿ ಎರಡು ಕವಲಾಗಿ ಒಡೆದು, ಊರನ್ನು ನಡುವೆ ಇಟ್ಟು, ಮುಂದೆ ಹೋಗಿ ಮತ್ತೆ ಒಂದಾಗುತ್ತಾಳೆ. ಸುತ್ತ ನೀರು, ನೀರಿನ ಒಳಗೆ ಕೋಟೆ, ಕೋಟೆಯ ಒಳಗೆ ರಾಜಧಾನಿ. 1610ರಲ್ಲಿ ರಾಜ ಒಡೆಯರು ಇದನ್ನು ವಿಜಯನಗರದ ಪ್ರತಿನಿಧಿಯ ಕೈಯಿಂದ ತೆಗೆದುಕೊಂಡರು. ಆಮೇಲೆ ಹೈದರ್ ಅಲಿ, ಆಮೇಲೆ ಟಿಪ್ಪು. 1799ರ ಮೇ 4ರಂದು ಟಿಪ್ಪು ಇಲ್ಲೇ ಸತ್ತ. ಇಷ್ಟು ನಮಗೆಲ್ಲ ಪಾಠದಲ್ಲಿ ಬಂದಿದೆ.

ಪಾಠದಲ್ಲಿ ಒತ್ತಿ ಹೇಳದ ಒಂದು ವಿಷಯ ಇದೆ. ಈ ದ್ವೀಪದ ವೈಭವಕ್ಕೆ ದುಡ್ಡು ಎಲ್ಲಿಂದ ಬಂತು? ದೊಡ್ಡ ಪಾಲು ನಮ್ಮ ನಗರದಿಂದ. ಈಗಿನ ಹೊಸನಗರ ತಾಲ್ಲೂಕಿನ ನಗರ, ಅಂದರೆ ಹಳೆಯ ಬಿದನೂರು, ಕೆಳದಿ ನಾಯಕರ ಕೊನೆಯ ರಾಜಧಾನಿ. 1763ರಲ್ಲಿ ಹೈದರ್ ಅಲಿ ಬಿದನೂರಿಗೆ ನುಗ್ಗಿದ. ರಾಣಿ ವೀರಮ್ಮಾಜಿಯನ್ನು ಸೆರೆ ಹಿಡಿದು ಮಧುಗಿರಿ ಕೋಟೆಯಲ್ಲಿಟ್ಟ. ಊರಿಗೆ ತನ್ನ ಹೆಸರನ್ನೇ ಕೊಟ್ಟು ಹೈದರ್‌ನಗರ ಅಂತ ಕರೆದ. ಹೈದರ್ ಬಿದ್ದುಹೋಗಿ 'ನಗರ' ಉಳೀತು. ತಾಲ್ಲೂಕು ಕಚೇರಿ ಅಲ್ಲಿಂದ ಕಲ್ಲೂರುಕಟ್ಟೆಗೆ ಬಂದ ಮೇಲೆ ಕಲ್ಲೂರುಕಟ್ಟೆ 'ಹೊಸನಗರ' ಆಯ್ತು. ನಾವು ದಿನಾ ಅರ್ಜಿಯಲ್ಲಿ ಬರೆಯುವ ಊರ ಹೆಸರಿನಲ್ಲೇ ಆ ದಂಡಯಾತ್ರೆ ಇದೆ.

ಆಗ ಸಿಕ್ಕ ಸಂಪತ್ತನ್ನು ಮೈಸೂರಿನ ಇತಿಹಾಸ ಬರೆದ ಬ್ರಿಟಿಷ್ ಅಧಿಕಾರಿ ಮಾರ್ಕ್ ವಿಲ್ಕ್ಸ್ 1 ಕೋಟಿ 20 ಲಕ್ಷ ಪೌಂಡ್ ಅಂತ ಲೆಕ್ಕ ಹಾಕಿದ್ದಾನೆ. ಲೆಕ್ಕ ಹೆಚ್ಚೋ ಕಡಿಮೆಯೋ, ತನ್ನ ಏಳಿಗೆಗೆ ಬಿದನೂರೇ ಬುನಾದಿ ಅಂತ ಹೈದರನೇ ಹೇಳಿಕೊಳ್ಳುತ್ತಿದ್ದ ಅಂತಲೂ ಬರೆದಿದ್ದಾನೆ.

ಬಿದನೂರಿಗೆ ಅಷ್ಟು ಸಂಪತ್ತು ಹೇಗೆ ಬಂತು? ಅಡಿಕೆ, ಮೆಣಸು, ಭತ್ತ. ಘಟ್ಟ ಇಳಿದು ಕರಾವಳಿಯ ಬಂದರು ಸೇರಿ ಅಲ್ಲಿಂದ ಹಡಗು ಹತ್ತಿದ ಮಾಲು. ಹಾಗಾದ್ರೆ ತೋಟಕ್ಕೆ ಮಣ್ಣು ಹೊತ್ತವರು ಯಾರು? ಬಸಿಗಾಲುವೆ ತೋಡಿದವರು ಯಾರು? ಅಡಿಕೆ ಹೇರನ್ನು ಘಟ್ಟ ಇಳಿಸಿದವರು ಯಾರು?

ನಾನು ಕಚೇರಿ ಗುಮಾಸ್ತ. ಇಪ್ಪತ್ತು ವರ್ಷದಿಂದ ಕಡತ ನೋಡ್ತಾ ಇದ್ದೀನಿ. ಹಾಗಾಗಿ ಶಿವಪ್ಪ ನಾಯಕನ 'ಶಿಸ್ತು' ಬಗ್ಗೆ ನನಗೆ ಮೊದಲಿಂದ ಒಂದು ಗೌರವ ಇದೆ. 17ನೇ ಶತಮಾನದಲ್ಲಿ ಆತ ಮಾಡಿಸಿದ ಕಂದಾಯ ಪದ್ಧತಿ ಅದು. ಪ್ರತಿ ಹಳ್ಳಿಯಲ್ಲಿ ಒಂದೊಂದು ಬಗೆಯ ಜಮೀನು ಆರಿಸಿ, 12 ವರ್ಷ ಸರ್ಕಾರದ ಖರ್ಚಿನಲ್ಲೇ ಸಾಗುವಳಿ ಮಾಡಿಸಿ, ಎಷ್ಟು ಬೀಜ, ಎಷ್ಟು ಖರ್ಚು, ಎಷ್ಟು ಬೆಳೆ, ಏನು ಬೆಲೆ ಅಂತ ಬರೆಸಿ, ಸರಾಸರಿ ತೆಗೆದು, ಮೂರರಲ್ಲೊಂದು ಪಾಲು ಸರ್ಕಾರಕ್ಕೆ ಅಂತ ಗೊತ್ತು ಮಾಡಿದ ಅಂತ ಮೈಸೂರು ಗೆಜೆಟಿಯರ್ ಹೇಳುತ್ತೆ. ಅಡಿಕೆ ತೋಟಕ್ಕೆ ಸಾವಿರ ಮರಕ್ಕೆ ಇಂತಿಷ್ಟು ಅಂತ ಲೆಕ್ಕ. ಆ ಕಾಲಕ್ಕೆ ಅದು ಸಣ್ಣ ಕೆಲಸ ಅಲ್ಲ. ಆದ್ರೆ ಗಮನಿಸಿ. ಬೀಜ ಲೆಕ್ಕಕ್ಕೆ ಬಂತು, ಮರ ಲೆಕ್ಕಕ್ಕೆ ಬಂತು, ಖರ್ಚು ಲೆಕ್ಕಕ್ಕೆ ಬಂತು. ನೇಗಿಲು ಹಿಡಿದವನ ಹೆಸರು ಯಾವ ಕಾಲಂನಲ್ಲೂ ಇಲ್ಲ.

ಅದೇ ಗೆಜೆಟಿಯರ್‌ನಲ್ಲಿ ನಮ್ಮವರು ಸಿಗುವುದು ಬೇರೆ ಪುಟದಲ್ಲಿ. ಮಲೆನಾಡಿನ ಹೊಲೆಯರಲ್ಲಿ ಎರಡು ಬಗೆ ಅಂತ ಬಿ.ಎಲ್. ರೈಸ್ ಬರೀತಾನೆ. ಒಂದು 'ಹುಟ್ಟಾಳು', ಅಂದರೆ ಒಡೆಯನ ಮನೆಯಲ್ಲೇ ಹುಟ್ಟಿ ತಲೆತಲಾಂತರ ದುಡಿಯುವವನು. ಇನ್ನೊಂದು 'ಮಣ್ಣಾಳು', ಅಂದರೆ ಜಮೀನಿನ ಜೊತೆ ಮಾರಾಟ ಆಗುವವನು. ಜಮೀನು ಮಾರಿದ್ರೆ ಮರದ ಹಾಗೆ ಆಳೂ ಜೊತೆಗೆ ಹೋಗ್ತಾನೆ. ನನ್ನ ಅಜ್ಜಿ ತನ್ನ ಅಪ್ಪನ ಬಗ್ಗೆ ಹೇಳುವಾಗ "ಅಪ್ಪಯ್ಯ ಆ ಮನೆಯ ಹುಟ್ಟಾಳು" ಅಂತ ಸಹಜವಾಗಿ ಹೇಳ್ತಿದ್ದಳು, ಈಗ ನಾವು "ಇಂಥ ಆಫೀಸಿನ ನೌಕರ" ಅನ್ನೋ ಹಾಗೆ. ಆ ಮಾತನ್ನು ಗೆಜೆಟಿಯರ್‌ನಲ್ಲಿ ಅಚ್ಚಾಗಿ ಕಂಡ ದಿನ ನನಗೆ ಊಟ ಸೇರಲಿಲ್ಲ.

ಕೆಳದಿ ಇತಿಹಾಸದಲ್ಲಿ ನಮ್ಮಂಥವರ ಎರಡು ಹೆಸರು ಮಾತ್ರ ಉಳಿದಿವೆ. ಮನೆತನ ಹುಟ್ಟಿದ ಕಥೆ ನಿಮಗೆ ಗೊತ್ತಿರಬಹುದು. ಚೌಡಪ್ಪ ಮತ್ತು ಭದ್ರಪ್ಪ ಅನ್ನುವ ಅಣ್ಣತಮ್ಮಂದಿರಿಗೆ ನಿಧಿ ಸಿಕ್ಕಿತು, ಅದನ್ನು ತೆಗೆಯಲು ನರಬಲಿ ಬೇಕಾಯ್ತು, ಆಗ ಮನೆಯ ಇಬ್ಬರು ಆಳುಗಳು 'ನಮ್ಮನ್ನೇ ಕೊಡಿ, ನಮ್ಮ ಹೆಸರು ಉಳಿಸಿ' ಅಂದರು ಅಂತ ಕಥೆ. ಅವರ ಹೆಸರು ಎಡವ (ಯಾದವ ಅಂತಲೂ ಹೇಳ್ತಾರೆ) ಮತ್ತು ಮುರಾರಿ. ಅದಕ್ಕೇ ಕೆಳದಿ ಅರಸರು 'ಎಡವ ಮುರಾರಿ' ಅಂತ ಬಿರುದು ಇಟ್ಟುಕೊಂಡರು. ಇದನ್ನು ಸ್ವಾಮಿನಿಷ್ಠೆಯ ಕಥೆ ಅಂತ ಹೇಳ್ತಾರೆ, ಮಕ್ಕಳಿಗೂ ಹಾಗೇ ಹೇಳ್ತಾರೆ. ನನಗೆ ಹಾಗೆ ಕೇಳಿಸೋದಿಲ್ಲ. ಆಳಿನ ಕುತ್ತಿಗೆ ಮೇಲೆ ಕತ್ತಿ ಇರುವಾಗ ಅವನು 'ಸ್ವಇಚ್ಛೆ'ಯಿಂದ ಒಪ್ಪಿದ ಅಂತ ಬರೆದವರು ಯಾರು? ಕತ್ತಿ ಹಿಡಿದವರ ಕಡೆಯವರೇ ತಾನೆ? 264 ವರ್ಷ ಆಳಿದ ರಾಜ್ಯದಲ್ಲಿ ನಮ್ಮಂಥವರ ಹೆಸರು ದಾಖಲಾಗಲು ಧಣಿಯ ನಿಧಿಗೆ ಬಲಿಯಾಗಬೇಕಿತ್ತು. ಬದುಕಿ ಗೇಯ್ದವರ ಹೆಸರು ಒಂದೂ ಇಲ್ಲ.

ಇಷ್ಟು ತಲೆಯಲ್ಲಿ ಇಟ್ಟುಕೊಂಡು ಶ್ರೀರಂಗಪಟ್ಟಣ ಸುತ್ತಿದೆ.

ದರಿಯಾ ದೌಲತ್ ಬಾಗ್ 1784ರ ಬೇಸಿಗೆ ಅರಮನೆ. ಅದರ ಪಶ್ಚಿಮದ ಗೋಡೆಯಲ್ಲಿ 1780ರ ಪೊಲ್ಲಿಲೂರು ಯುದ್ಧದ ದೊಡ್ಡ ಚಿತ್ರ ಇದೆ. ಹೈದರ್ ಮತ್ತು ಟಿಪ್ಪು ಇಂಗ್ಲಿಷರನ್ನು ಹೊಡೆದು ಹಾಕಿದ ಯುದ್ಧ. ಆನೆ, ಕುದುರೆ, ಫಿರಂಗಿ, ನಡುವೆ ಪಲ್ಲಕ್ಕಿಯಲ್ಲಿ ಕೂತ ಕರ್ನಲ್ ಬೈಲಿ. ಗೈಡ್ ಎಲ್ಲರಿಗೂ ಬೈಲಿಯ ಮುಖ ತೋರಿಸ್ತಿದ್ದ. ನನ್ನ ಕಣ್ಣು ಪಲ್ಲಕ್ಕಿ ಹೊತ್ತವರ ಮೇಲೆ ಹೋಯ್ತು. ಸುತ್ತ ಗುಂಡು ಹಾರ್ತಾ ಇದೆ, ಪಲ್ಲಕ್ಕಿಯ ಒಳಗಿನವನಿಗೆ ಹೆಸರಿದೆ, ಕೆಳಗಿನವರಿಗೆ ಇಲ್ಲ. ಬೈಲಿ ಆಮೇಲೆ ಇಲ್ಲೇ ಸೆರೆಯಲ್ಲಿ ಸತ್ತ. ಅವನ ಹೆಸರಿನ ನೆಲಮಾಳಿಗೆ ಸೆರೆಮನೆ ಈಗ ಪ್ರವಾಸಿ ತಾಣ, ಬೋರ್ಡು ಇದೆ. ಹೊತ್ತವರಿಗೆ ಏನಾಯ್ತು ಅಂತ ಯಾವ ಬೋರ್ಡೂ ಹೇಳೋದಿಲ್ಲ.

ಕೋಟೆ ಒಡೆದ ಜಾಗಕ್ಕೂ ಹೋದೆ. ಅಲ್ಲಿ 1907ರಲ್ಲಿ ಮೈಸೂರು ಸರ್ಕಾರವೇ ನಿಲ್ಲಿಸಿದ ಸ್ಮಾರಕ ಕಂಬ ಇದೆ. ಮುತ್ತಿಗೆಯಲ್ಲಿ ಬಿದ್ದ ಅಧಿಕಾರಿಗಳ ನೆನಪಿಗೆ ಅಂತ ಅದರ ಮೇಲೆ ಕೆತ್ತಿದೆ. ಆದ್ರೆ ಆ ದಿನ ನದಿ ದಾಟಿ ಬಂದವರಲ್ಲಿ ಮದ್ರಾಸ್ ಸೈನ್ಯದ ಸಿಪಾಯಿಗಳೂ ಇದ್ದರು, ಕಂದಕ ತೋಡುವ, ದಾರಿ ಮಾಡುವ ಪಯೋನಿಯರ್ ದಳದವರೂ ಇದ್ದರು. ಆ ಕಾಲದ ಮದ್ರಾಸ್ ಸೈನ್ಯದಲ್ಲಿ ಪರೆಯರು ದೊಡ್ಡ ಸಂಖ್ಯೆಯಲ್ಲಿದ್ದರು. ಅಸ್ಪೃಶ್ಯರು ಕಂಪನಿ ಸೈನ್ಯ ಸೇರಿ ಬ್ರಿಟಿಷರಿಗೆ ಈ ದೇಶ ಗೆದ್ದುಕೊಟ್ಟರು ಅಂತ ಬಾಬಾಸಾಹೇಬರೇ ಬರೆದಿದ್ದಾರೆ. ಊರೊಳಗೆ ಬಿಟ್ಟುಕೊಳ್ಳದವರ ಕೈಗೆ ಬಂದೂಕು ಸಿಕ್ಕಿದ್ದು ಅಲ್ಲಿ. ಕೊನೆಗೆ ಅವರೂ ಕೈಬಿಟ್ಟರು, 1890ರ ದಶಕದಲ್ಲಿ 'ಯೋಧ ಜನಾಂಗ' ಅನ್ನುವ ಹೊಸ ಲೆಕ್ಕ ತಂದು ಮಹಾರರ ನೇಮಕಾತಿಯನ್ನೇ ನಿಲ್ಲಿಸಿದರು.

ಭೀಮಾ ಕೋರೆಗಾಂವ್ ನೆನಪಾಯ್ತು. 1818ರ ಜನವರಿ 1ರ ಯುದ್ಧದ ಆ ಕಂಬದಲ್ಲಿ ಸತ್ತ ಮಹಾರ್ ಸಿಪಾಯಿಗಳ ಹೆಸರು ಕೆತ್ತಿದೆ. ಹೆಸರು ಕೆತ್ತಿದ್ದಕ್ಕೇ 1927ರಲ್ಲಿ ಬಾಬಾಸಾಹೇಬರು ಅಲ್ಲಿಗೆ ಹೋದರು, ಇವತ್ತು ಲಕ್ಷಗಟ್ಟಲೆ ಜನ ಹೋಗ್ತಾರೆ. ಕಲ್ಲಿನ ಮೇಲೆ ನಾಲ್ಕು ಅಕ್ಷರ ಇದ್ದರೆ ಅದು ಮುಂದೆ ಚಳವಳಿಯೇ ಆಗಬಹುದು.

ಟಿಪ್ಪು ಬಗ್ಗೆ ಏನು ಹೇಳ್ತೀರಿ ಅಂತ ಕಾಮೆಂಟಿನಲ್ಲಿ ಕೇಳ್ತೀರಿ, ಗೊತ್ತು. ಒಬ್ಬರಿಗೆ ಹುಲಿ, ಒಬ್ಬರಿಗೆ ಕ್ರೂರಿ. ಪ್ರತಿ ನವೆಂಬರ್‌ನಲ್ಲಿ ಇದೇ ಜಗಳ, ಎರಡೂ ಕಡೆ ಘೋಷಣೆ ಕೂಗಲು ನಮ್ಮ ಹುಡುಗರೇ ಬೇಕು. ಬ್ರಿಟಿಷರ ಎದುರು ಕಾದಾಡಿ ಸತ್ತ ದೊರೆ ಅನ್ನುವ ಗೌರವ ನನಗಿದೆ, ಅದನ್ನು ಮುಚ್ಚಿಡೋದಿಲ್ಲ. ಆದ್ರೆ ನನ್ನ ಪ್ರಶ್ನೆ ಆ ಜಗಳದಲ್ಲಿ ಇಲ್ಲ. ಒಡೆಯರು ಹೋಗಿ ಹೈದರ್ ಬಂದ, ನಾಯಕರು ಹೋಗಿ ಹೈದರ್ ಬಂದ, ಟಿಪ್ಪು ಹೋಗಿ ಕಂಪನಿ ಬಂತು. ಪ್ರತಿ ಸಲ ಅರಮನೆಯ ಬಾವುಟ ಬದಲಾಯ್ತು. ಮಣ್ಣಾಳು ಮಣ್ಣಾಳಾಗೇ ಉಳಿದ.

ಇದು ನಮ್ಮ ದ್ವೀಪಕ್ಕೆ ಮಾತ್ರ ಸೇರಿದ ಕಥೆ ಅಲ್ಲ. ಟಿಪ್ಪು ಸಾಯುವ ಹಿಂದಿನ ವರ್ಷ, 1798ರ ಜೂನ್‌ನಲ್ಲಿ, ನೆಪೋಲಿಯನ್ ಈಜಿಪ್ಟ್‌ಗೆ ಹೋಗುವ ದಾರಿಯಲ್ಲಿ ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪ ಹಿಡಿದ. ಅಲ್ಲಿನ ವ್ಯಾಲೆಟ್ಟಾ ಕೂಡ ನೀರಿನ ನಡುವಿನ ಕೋಟೆ ನಗರ. 1565ರ ದೊಡ್ಡ ಮುತ್ತಿಗೆ ಆದ ಮೇಲೆ ಕ್ರೈಸ್ತ ಯೋಧರ ಪಂಗಡವೊಂದು ಕಟ್ಟಿದ ಊರು. ಈಗ ಜಗತ್ತಿನ ಜನ ನೋಡಲು ಹೋಗುವ ಚೆಂದದ ನಗರ. ಆ ಕೋಟೆಗೆ ಕಲ್ಲು ಹೊತ್ತವರಲ್ಲಿ, ಆ ಯೋಧರ ಹಡಗಿಗೆ ಹುಟ್ಟು ಹಾಕಿದವರಲ್ಲಿ ಸೆರೆ ಹಿಡಿದು ತಂದ ಗುಲಾಮರೂ ಇದ್ದರು. ನೆಪೋಲಿಯನ್ ಅಲ್ಲಿದ್ದ ಸುಮಾರು 2 ಸಾವಿರ ಗುಲಾಮರನ್ನು ಬಿಡಿಸಿದ. ಅಲ್ಲಿಂದ ಈಜಿಪ್ಟ್‌ಗೆ ಹೋಗಿ, 1799ರ ಜನವರಿಯಲ್ಲಿ ಟಿಪ್ಪುವಿಗೆ ಸಹಾಯದ ಮಾತು ಬರೆದು ಪತ್ರ ಕಳಿಸಿದ. ಪತ್ರ ದಾರಿಯಲ್ಲೇ ಇಂಗ್ಲಿಷರ ಕೈಗೆ ಸಿಕ್ಕಿತು. ನಾಲ್ಕೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿತ್ತು.

ಆದ್ರೆ ಮುಂದಿನದನ್ನೂ ಓದಬೇಕು. ಮಾಲ್ಟಾದಲ್ಲಿ ಗುಲಾಮರನ್ನು ಬಿಡಿಸಿದ ಅದೇ ನೆಪೋಲಿಯನ್ 1802ರಲ್ಲಿ ಫ್ರಾನ್ಸಿನ ಕಬ್ಬಿನ ವಸಾಹತುಗಳಲ್ಲಿ ಗುಲಾಮಗಿರಿಯನ್ನು ವಾಪಸ್ ತಂದ. ದೊರೆ ಕೊಟ್ಟ ಬಿಡುಗಡೆ ದೊರೆಯ ಲೆಕ್ಕಾಚಾರ ಬದಲಾಗುವವರೆಗೆ ಮಾತ್ರ. ಇದನ್ನು ನಮ್ಮ ಹುಡುಗರು ನೆನಪಿಡಬೇಕು.

ಶ್ರೀರಂಗಪಟ್ಟಣ ಬಿದ್ದ ಮೇಲೆ ಲೂಟಿ ಆಯ್ತು. ಬಿದನೂರಿನಿಂದ ದ್ವೀಪಕ್ಕೆ ಬಂದದ್ದು, ಬೇರೆ ಸೀಮೆಗಳಿಂದ ಬಂದದ್ದು, ಎಲ್ಲ ಸೇರಿ ಕಂಪನಿ ಸೈನ್ಯ ಹಂಚಿಕೊಂಡಿತು. ಹಂಚಿಕೆ ದರ್ಜೆ ಪ್ರಕಾರ, ಸೇನಾಪತಿ ಹ್ಯಾರಿಸ್‌ಗೆ ದೊಡ್ಡ ಪಾಲು, ಸಿಪಾಯಿಗೆ ಪುಡಿಕಾಸು. ಟಿಪ್ಪುವಿನ ಮರದ ಹುಲಿ ಇವತ್ತು ಲಂಡನ್ನಿನ ಮ್ಯೂಸಿಯಂನಲ್ಲಿದೆ. ಅವನ ಕನಸಿನ ಪುಸ್ತಕವೂ ಲಂಡನ್ನಿನಲ್ಲೇ ಇದೆ. ರಾಜನ ಕನಸನ್ನು ಕೂಡ ಎರಡು ಶತಮಾನ ಜೋಪಾನ ಮಾಡಿದ್ದಾರೆ ನೋಡಿ!

ಮಾರನೇ ವರ್ಷ, 1800ರಲ್ಲಿ, ಕಂಪನಿ ಕಳಿಸಿದ ಫ್ರಾನ್ಸಿಸ್ ಬುಕಾನನ್ ಅನ್ನುವ ವೈದ್ಯ ಇಲ್ಲಿಗೆ ಬಂದ. ಟಿಪ್ಪು ಕಾಲದಲ್ಲಿ ದ್ವೀಪದಲ್ಲಿ ಒಂದೂವರೆ ಲಕ್ಷ ಜನ ಇದ್ದಿರಬೇಕು, ಈಗ ಸುಮಾರು 32 ಸಾವಿರ ಇದ್ದಾರೆ ಅಂತ ಬರೆದ. ಆಮೇಲೆ ಮಲಬಾರ್, ಕೆನರಾ, ನಮ್ಮ ನಗರ ಸೀಮೆ ಎಲ್ಲ ಸುತ್ತಿದ. ಮಲಬಾರ್, ಕೆನರಾ ಕಡೆ ಹೊಲದ ಗುಲಾಮರ ಬೆಲೆ ಎಷ್ಟು ಅಂತ ಭತ್ತದ ಬೆಲೆ ಬರೆದ ಹಾಗೆ ಬರೆದುಕೊಂಡ. ಬೆಲೆ ಬರೆದ, ಹೆಸರು ಕೇಳಲಿಲ್ಲ. ಕಂಪನಿ ಸೀಮೆಯಲ್ಲಿ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತಪ್ಪಲು 1843 ಬರಬೇಕಾಯ್ತು. ಜೀತ ರದ್ದಾಗಲು 1976.

ಇನ್ನು ನಾನು ಈ ಪೋಸ್ಟ್ ಬರೆಯಲು ನಿಜವಾದ ಕಾರಣಕ್ಕೆ ಬರ್ತೀನಿ.

ಶ್ರೀರಂಗಪಟ್ಟಣದ ರೈಲ್ವೆ ಸ್ಟೇಷನ್ ಹತ್ರ ಟಿಪ್ಪುವಿನ ಮದ್ದಿನ ಮನೆ ಇದೆ. ಇಟ್ಟಿಗೆ ಗಾರೆಯ ದಪ್ಪ ಗೋಡೆಯ ಕಟ್ಟಡ. ಬೆಂಗಳೂರು ಮೈಸೂರು ರೈಲು ಜೋಡಿ ಹಳಿ ಮಾಡುವಾಗ ಅದು ಅಡ್ಡ ಬಂತು. ಒಡೆಯಲಿಲ್ಲ. 2017ರಲ್ಲಿ ಬುಡ ಸಮೇತ ಇಡೀ ಕಟ್ಟಡವನ್ನು ಎತ್ತಿ, ಜಾಕ್ ಕೊಟ್ಟು ಸರಿಸಿ, ಬೇರೆ ಜಾಗದಲ್ಲಿ ಕೂರಿಸಿದರು. ಸುಮಾರು ಸಾವಿರ ಟನ್ ತೂಕದ ಕಟ್ಟಡ. ಅದರ ಮುಂದೆ ನಿಂತು ಬಹಳ ಹೊತ್ತು ನೋಡಿದೆ. ಒಳ್ಳೆ ಕೆಲಸ, ನನಗೇನೂ ಹೊಟ್ಟೆಕಿಚ್ಚಿಲ್ಲ, ಇತಿಹಾಸ ಉಳಿಯಬೇಕು. ಆದ್ರೆ ನನ್ನ ಅಜ್ಜಿ ಹುಟ್ಟಿದ ಕೇರಿ ಕಣ್ಣ ಮುಂದೆ ಬಂತು.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರಿನಲ್ಲಿ ನೂರಕ್ಕೂ ಹೆಚ್ಚು ಹಳ್ಳಿ ಮುಳುಗಿದವು. ಆಗ ಅಜ್ಜಿಯ ಕೇರಿಯೂ ಮುಳುಗಿತು. ಜಮೀನು ಯಾರ ಹೆಸರಲ್ಲಿತ್ತೋ ಅವರಿಗೆ ಪರಿಹಾರ. ನಮ್ಮವರ ಹೆಸರಲ್ಲಿ ಎಂತ ಇತ್ತು? ಗುಡಿಸಲೂ ಧಣಿಯ ಜಾಗದಲ್ಲಿ. ಗಂಟುಮೂಟೆ ಹೊತ್ತು, ಕೋಳಿ ಬುಟ್ಟಿ ತಲೆ ಮೇಲಿಟ್ಟು, ಗುಡ್ಡ ಹತ್ತಿ ಕಾಡಂಚಿನಲ್ಲಿ ಕೂತರು. ಈಗಲೂ ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆ ಕಾಣುತ್ತೆ, ಜನ ಫೋಟೋ ತೆಗೆಯಲು ಹೋಗ್ತಾರೆ. ಕಲ್ಲಿನ ಕಟ್ಟಡ, ನೀರಲ್ಲೂ ಉಳೀತು. ನಮ್ಮ ಮಣ್ಣಿನ ಗೋಡೆ ಮೊದಲ ಮಳೆಗಾಲದಲ್ಲೇ ಕರಗಿರಬೇಕು. ಅಜ್ಜಿ ಹಿನ್ನೀರಿನ ಕಡೆ ಕೈ ತೋರಿಸಿ "ಅಕಾ ಅಲ್ಲಿ, ಆ ದ್ವೀಪದ ಕೆಳಗೆ" ಅಂತಿದ್ದಳು. ಅದು ದ್ವೀಪ ಅಲ್ಲ, ಅವಳು ದನ ಮೇಯಿಸಿದ ಗುಡ್ಡದ ತುದಿ.

1951ರ ಕಾಗೋಡು ಸತ್ಯಾಗ್ರಹದ ಮಣ್ಣು ನಮ್ಮದು. 1974ರಲ್ಲಿ ದೇವರಾಜ ಅರಸು ತಂದ ತಿದ್ದುಪಡಿಯಿಂದ ಗೇಣಿದಾರರಿಗೆ ಭೂಮಿ ಬಂತು, ಅದು ದೊಡ್ಡ ಗೆಲುವು. ಆದ್ರೆ ಫಾರಂ ನಂಬರ್ 7 ಹಾಕಲು ಗೇಣಿದಾರ ಆಗಿರಬೇಕಿತ್ತು. ಗೇಣಿದಾರನ ಹೊಲದಲ್ಲಿ ಕೂಲಿ ಮಾಡುವ ನಮ್ಮವರು ಯಾವ ಫಾರಂ ಹಾಕಬೇಕಿತ್ತು?

ಈಗ 2006ರ ಅರಣ್ಯ ಹಕ್ಕು ಕಾಯ್ದೆಗೆ ಬನ್ನಿ. ಪರಿಶಿಷ್ಟ ಪಂಗಡ ಅಲ್ಲದವರು, ಅಂದರೆ ನಮ್ಮಂಥ ದಲಿತರೂ, 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು, ತಲೆಮಾರಿಗೆ 25 ವರ್ಷದಂತೆ 75 ವರ್ಷ, ಕಾಡನ್ನು ನಂಬಿ ಬದುಕಿದ್ದಕ್ಕೆ ಸಾಕ್ಷ್ಯ ಕೊಡಬೇಕು. ಲೆಕ್ಕ ಹಾಕಿ, 1930ಕ್ಕೆ ಹೋಗುತ್ತೆ. 1964ರಲ್ಲಿ ನೀರು ಎಬ್ಬಿಸಿ ಕಾಡಿಗೆ ಓಡಿಸಿದವರು 1930ರ ಕಾಗದ ಎಲ್ಲಿಂದ ತರೋದು? ಶಿವಪ್ಪ ನಾಯಕ ಬರೆಯಲಿಲ್ಲ, ಹೈದರ್ ಬರೆಯಲಿಲ್ಲ, ಬುಕಾನನ್ ಬರೆಯಲಿಲ್ಲ, ಧಣಿ ಬರೆಯಲಿಲ್ಲ. ಈಗ ಬಂದು "ದಾಖಲೆ ಇಲ್ಲ, ನೀನು ಒತ್ತುವರಿದಾರ" ಅಂತಾರೆ. ಇತಿಹಾಸದಲ್ಲಿ ಹೆಸರಿಲ್ಲದಿರುವುದು ಬರೀ ಅವಮಾನದ ವಿಷಯ ಅಂತ ನಾನು ಅಂದುಕೊಂಡಿದ್ದೆ. ಅಲ್ಲ, ಅದು ಇವತ್ತಿನ ಮನೆ, ಬಾವಿ, ಅರ್ಧ ಎಕರೆ ತೋಟದ ಪ್ರಶ್ನೆ.

ಆದ್ರೆ ಆ ಕಾಯ್ದೆಯ ನಿಯಮಗಳಲ್ಲೇ ಒಂದು ದಾರಿ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. 13ನೇ ನಿಯಮ. ಸರ್ಕಾರಿ ಕಾಗದ ಒಂದೇ ಸಾಕ್ಷ್ಯ ಅಲ್ಲ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರಹಕ್ಕೆ ಇಳಿಸಿದರೆ ಅದೂ ಸಾಕ್ಷ್ಯ. ಹಳೇ ಮನೆಯ ಗುರುತು, ಬಾವಿ, ಸ್ಮಶಾನ, ಪೂಜೆ ಮಾಡುವ ಜಾಗ ಇವೂ ಸಾಕ್ಷ್ಯ. ವಂಶವೃಕ್ಷವೂ ಬರುತ್ತೆ. ಒಂದೇ ಸಾಲದು, ಒಂದಕ್ಕಿಂತ ಹೆಚ್ಚು ಬೇಕು, ಅಷ್ಟೇ.

ನಾನು ಕೇಳುವ ಕೆಲಸ ಇದು. ನಿಮ್ಮ ಕೇರಿಯಲ್ಲಿ ಎಪ್ಪತ್ತು, ಎಂಬತ್ತು ದಾಟಿದವರು ಯಾರಿದ್ದಾರೆ ನೋಡಿ. ಈ ಭಾನುವಾರ ಅವರ ಹತ್ರ ಕೂರಿ. ಅಜ್ಜ ಯಾರು, ಮುತ್ತಜ್ಜ ಯಾರು, ಯಾರ ಮನೆಯಲ್ಲಿ ಆಳಾಗಿದ್ದರು, ಯಾವ ಊರಿಂದ ಎದ್ದು ಬಂದರು, ಹೆಣ ಎಲ್ಲಿ ಹೂಳುತ್ತಿದ್ದರು, ಭೂತನ ಕಲ್ಲು ಎಲ್ಲಿತ್ತು, ಕೇಳಿ ಬರೆದುಕೊಳ್ಳಿ. ಮೊಬೈಲಲ್ಲಿ ರೆಕಾರ್ಡ್ ಮಾಡಿ, ಆಮೇಲೆ ಕಾಗದಕ್ಕೆ ಇಳಿಸಿ, ತಾರೀಕು ಹಾಕಿ, ಹೆಬ್ಬೆಟ್ಟು ಒತ್ತಿಸಿ, ಅರಣ್ಯ ಹಕ್ಕು ಸಮಿತಿಯ ಮುಂದೆ ಇಡಿ. ಹಳೇ ಅರ್ಜಿ ತಿರಸ್ಕಾರ ಆಗಿದ್ರೆ ಹಿಂಬರಹ ಇಟ್ಟುಕೊಳ್ಳಿ, ಬಿಸಾಡಬೇಡಿ. ಬರೆಯುವ ಕ್ರಮ ಗೊತ್ತಾಗದಿದ್ರೆ ನನಗೆ ಮೆಸೇಜ್ ಮಾಡಿ. ಇಪ್ಪತ್ತು ವರ್ಷ ಬೇರೆಯವರ ಕಡತ ಬರೆದಿದ್ದೀನಿ, ನಮ್ಮವರದ್ದೂ ಬರೀತೀನಿ.

ನನ್ನ ಅಜ್ಜಿ ತೀರಿಕೊಂಡು ಒಂಬತ್ತು ವರ್ಷ ಆಯ್ತು. ಅವಳು ಹೇಳಿದ್ದನ್ನು ನಾನು ಒಂದು ಸಾಲೂ ಬರೆದಿಟ್ಟುಕೊಳ್ಳಲಿಲ್ಲ. ಬಿಎ ಓದಿದವನು, ದಿನಾ ಪೆನ್ನು ಹಿಡಿಯುವವನು, ಬರೀಲಿಲ್ಲ. ಶ್ರೀರಂಗಪಟ್ಟಣದಿಂದ ವಾಪಸ್ ಬರುವ ಬಸ್ಸಿನಲ್ಲಿ ಅದೇ ಕಾಡ್ತಾ ಇತ್ತು. ನೀವು ಆ ತಪ್ಪು ಮಾಡಬೇಡಿ.

ಜೈ ಭೀಮ್.